ನೀಲಿ ಹೂವಿನ ಎರಡು ಮನೆಗಳು
(ಬಾನುಲಿ ಭಾಷಣ)

ಹೂವುಗಳ ಲೋಕದಲ್ಲಿ ಅಚ್ಚ ನೀಲಿ ಬಣ್ಣ ಅಪರೂಪವಾದುದು. ನಮ್ಮ ಸಂತೆಯ ಹೂಬುಟ್ಟಿಗಳನ್ನು ಒಮ್ಮೆ ನೆನೆಸಿಕೊಳ್ಳಿ. ಮಲ್ಲಿಗೆ ಬಿಳಿದು, ಸೇವಂತಿಗೆ ಹಳದಿ, ಚೆಂಡುಹೂವು ಕೇಸರಿ, ದಾಸವಾಳ ಕೆಂಪು. ನೀಲಿಯನ್ನು ಹುಡುಕಹೊರಟರೆ ಬೇಲಿಯ ಮೇಲಿನ ಶಂಖಪುಷ್ಪ, ಹುಲ್ಲಿನ ನಡುವೆ ಕಣ್ಣು ತೆರೆಯುವ ವಿಷ್ಣುಕ್ರಾಂತಿ, ಹೀಗೆ ಬೆರಳೆಣಿಕೆಯ ಕೆಲವು ಮಾತ್ರ ಸಿಕ್ಕಾವು. ಆಕಾಶವೂ ಸಮುದ್ರವೂ ಧಾರಾಳವಾಗಿ ತೊಟ್ಟ ಈ ಬಣ್ಣವನ್ನು ಹೂವು ಮಾತ್ರ ಬಹಳ ಜಿಪುಣತನದಿಂದ ಬಳಸಿದೆ. ಹಾಗಿರುವಾಗ ಮೂರು ನೂರಕ್ಕೂ ಮಿಕ್ಕ ಪ್ರಭೇದಗಳಿರುವ ಒಂದು ಸಸ್ಯಕುಲವು ಬಹುಪಾಲು ನೀಲಿಯನ್ನೇ ತನ್ನ ಮನೆತನದ ಬಣ್ಣವನ್ನಾಗಿ ಮಾಡಿಕೊಂಡಿದೆ ಎಂದರೆ ಅದು ನಮ್ಮ ಲಕ್ಷ್ಯಕ್ಕೆ ಅರ್ಹವಾದ ಸಂಗತಿಯೇ ಸರಿ. ಆ ಕುಲದ ಹೆಸರು ಡೆಲ್ಫಿನಿಯಮ್. ಇಂಗ್ಲಿಷಿನವರ ರೂಢಿಯ ಹೆಸರು ಲಾರ್ಕ್‌ಸ್ಪರ್. ಈ ಹೂವಿಗೆ ಎರಡು ಮನೆಗಳಿವೆ. ಒಂದು ಕಾಡುಮಲೆಗಳ ಹುಲ್ಲುಗಾವಲು, ಇನ್ನೊಂದು ಮನುಷ್ಯನ ಹೂದೋಟ. ಈ ಎರಡು ಮನೆಗಳ ನಡುವಣ ಸಂಬಂಧ ಎಂಥದು, ಅದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಮಗೆ ತಿಳಿಯತಕ್ಕದ್ದೇನು ಎಂಬುದನ್ನು ಈ ಹೊತ್ತು ನಿಮ್ಮೊಡನೆ ವಿಚಾರಿಸಬೇಕೆಂದಿದ್ದೇನೆ.

ಮೊದಲು ಹೆಸರಿನ ಮಾತು. ಲಾರ್ಕ್ ಎಂದರೆ ನಮ್ಮ ಜೋಳದ ಹೊಲಗಳಲ್ಲಿ ಓಡಾಡುವ ನೆಲಗುಬ್ಬಿಯ ಬಳಗದ ಹಕ್ಕಿ. ಅದರ ಹಿಂಬೆರಳಿನ ಉಗುರು ನೀಳವಾಗಿ ಚಾಚಿಕೊಂಡಿರುತ್ತದೆ. ಈ ಹೂವಿನ ಬೆನ್ನಿಗೂ ಅಂಥದೇ ಒಂದು ಚಾಚು ಇದೆ. ಅದನ್ನು ಕಂಡ ಇಂಗ್ಲಿಷ್ ಹಳ್ಳಿಗನಿಗೆ ಹಕ್ಕಿಯ ಉಗುರು ನೆನಪಾಯಿತು. ಜರ್ಮನರಿಗೆ ಕುದುರೆ ಸವಾರನ ಹಿಮ್ಮಡಿಯಲ್ಲಿರುವ ಮುಳ್ಳು ನೆನಪಾಯಿತು. ಅವರು 'ರಿಟ್ಟರ್‌ಸ್ಪೋರ್ನ್', ಅಂದರೆ ವೀರಭಟನ ಹಿಮ್ಮಡಿಮುಳ್ಳು, ಎಂದು ಕರೆದರು. ಗ್ರೀಕರು ಅರಳದ ಮೊಗ್ಗನ್ನು ನೋಡಿ ಡಾಲ್ಫಿನ್ ಮೀನನ್ನು ಕಂಡರು. ಡೆಲ್ಫಿನಿಯಮ್ ಎಂಬ ಶಾಸ್ತ್ರೀಯ ನಾಮಕ್ಕೆ ಅದೇ ಮೂಲ. ನಮ್ಮ ರೈತನೊಬ್ಬ ಇದಕ್ಕೆ ಹೆಸರಿಟ್ಟಿದ್ದರೆ ಹುಂಜದ ಕಾಲಿನ ಹಿಂದಣ ಮುಳ್ಳನ್ನು ನೆನೆಯುತ್ತಿದ್ದನೋ ಏನೋ. ಒಂದೇ ಹೂವು, ನೋಡಿದವನ ಬದುಕಿನಂತೆ ಅದರ ಹೆಸರು.

ಈ ಚಾಚು ಬರಿಯ ಅಲಂಕಾರವಲ್ಲ. ಲಾರ್ಕ್‌ಸ್ಪರ್ ಹೂವಿನಲ್ಲಿ ನಾವು ದಳಗಳೆಂದು ತಿಳಿಯುವ ಐದು ಬಣ್ಣದ ಎಸಳುಗಳು ವಾಸ್ತವವಾಗಿ ಪುಷ್ಪಪತ್ರಗಳು. ಬೇರೆ ಹೂವುಗಳಲ್ಲಿ ಹಸುರಾಗಿ ಮೊಗ್ಗನ್ನು ಕಾಯುವ ಭಾಗವೇ ಇಲ್ಲಿ ಬಣ್ಣವೇರಿಸಿಕೊಂಡು ನಿಂತಿದೆ. ಮೇಲಿನ ಪುಷ್ಪಪತ್ರ ಹಿಂದಕ್ಕೆ ಕೊಳವೆಯಾಗಿ ಚಾಚಿಕೊಳ್ಳುತ್ತದೆ. ನಿಜವಾದ ದಳಗಳು ಚಿಕ್ಕವು, ಹೂವಿನ ನಡುವೆ ಒತ್ತಾಗಿ ಕುಳಿತಿರುತ್ತವೆ. ಅವುಗಳ ಬಾಲಗಳು ಆ ಕೊಳವೆಯೊಳಗೆ ಇಳಿದು ಅದರ ತುದಿಯಲ್ಲಿ ಮಕರಂದವನ್ನು ಒಸರುತ್ತವೆ. ಕೊಳವೆಯ ಆಳಕ್ಕೆ ತಕ್ಕ ನಾಲಗೆಯಿರುವ ದುಂಬಿಗೆ ಮಾತ್ರ ಈ ಊಟ ದಕ್ಕುತ್ತದೆ.

ಇನ್ನೊಂದು ಏರ್ಪಾಟು ಇದಕ್ಕಿಂತಲೂ ಜಾಣತನದ್ದು. ಲಾರ್ಕ್‌ಸ್ಪರ್ ತೆನೆಯಲ್ಲಿ ಹೂವುಗಳು ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುತ್ತವೆ. ಪ್ರತಿಯೊಂದು ಹೂವೂ ಮೊದಲು ಗಂಡಾಗಿ ಪರಾಗವನ್ನು ಚೆಲ್ಲಿ, ಆಮೇಲೆ ಹೆಣ್ಣಾಗಿ ಪರಾಗವನ್ನು ಸ್ವೀಕರಿಸುತ್ತದೆ. ಆದುದರಿಂದ ತೆನೆಯ ಬುಡದ ಹಳೆಯ ಹೂವುಗಳು ಹೆಣ್ಣಿನ ಅವಸ್ಥೆಯಲ್ಲಿಯೂ ಮೇಲಿನ ಹೊಸ ಹೂವುಗಳು ಗಂಡಿನ ಅವಸ್ಥೆಯಲ್ಲಿಯೂ ಇರುತ್ತವೆ. ದುಂಬಿಯ ಸ್ವಭಾವವೆಂದರೆ ತೆನೆಯ ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಏರುವುದು. ಅದು ಬರುವಾಗ ಹೊತ್ತು ತಂದ ಬೇರೊಂದು ಗಿಡದ ಪರಾಗ ಕೆಳಗಿನ ಹೆಣ್ಣು ಹೂವುಗಳಿಗೆ ಸಲ್ಲುತ್ತದೆ; ಹೋಗುವಾಗ ಮೇಲಿನ ಹೂವುಗಳ ಪರಾಗವನ್ನು ಹೊತ್ತು ಇನ್ನೊಂದು ಗಿಡದ ಬುಡಕ್ಕೆ ಇಳಿಯುತ್ತದೆ. ಹೀಗೆ ಸಗೋತ್ರದ ವಿವಾಹವನ್ನು ತಪ್ಪಿಸಿಕೊಳ್ಳುವ ಉಪಾಯ ಇದರ ತೆನೆಯ ರಚನೆಯಲ್ಲಿಯೇ ಅಡಗಿದೆ.

ಲಾರ್ಕ್‌ಸ್ಪರ್‌ಗಳಲ್ಲಿ ಎರಡು ಮುಖ್ಯ ಬಳಗಗಳನ್ನು ಗುರುತಿಸುವುದು ವಾಡಿಕೆ. ಒಂದು, ಹಲವು ವರ್ಷ ಬಾಳುವ ಬಹುವಾರ್ಷಿಕ ಬಳಗ. ಇನ್ನೊಂದು, ಒಂದೇ ಋತುವಿನಲ್ಲಿ ಮೊಳೆತು ಹೂಬಿಟ್ಟು ಬೀಜವಾಗಿ ಮುಗಿಯುವ ವಾರ್ಷಿಕ ಬಳಗ. ಇವುಗಳನ್ನು ಬೇರ್ಪಡಿಸಲು ಭೂತಗನ್ನಡಿಯೂ ಬೇಕಾಗಿಲ್ಲ. ಬಹುವಾರ್ಷಿಕದ ಹೂವಿನ ನಡುವೆ ನಾಲ್ಕು ಬಿಡಿ ದಳಗಳಿರುತ್ತವೆ, ಹೂವು ಉದುರಿದ ಮೇಲೆ ಸಾಮಾನ್ಯವಾಗಿ ಮೂರು ಕಾಯಿಗಳ ಗೊಂಚಲು ನಿಲ್ಲುತ್ತದೆ. ವಾರ್ಷಿಕದಲ್ಲಿ ದಳಗಳು ಬೆಸೆದು ಒಂದಾಗಿರುತ್ತವೆ, ಕಾಯಿಯೂ ಒಂದೇ. ೧೭೫೩ರಲ್ಲಿ ಲಿನೇಯಸ್ ಇವೆಲ್ಲವನ್ನೂ ಡೆಲ್ಫಿನಿಯಮ್ ಎಂಬ ಒಂದೇ ಹೆಸರಿನಲ್ಲಿ ಇರಿಸಿದ. ಮುಂದಿನ ಶತಮಾನದಲ್ಲಿ ವಾರ್ಷಿಕಗಳನ್ನು ಕನ್ಸಾಲಿಡ ಎಂಬ ಬೇರೆ ಕುಲವಾಗಿ ವಿಂಗಡಿಸಿದರು. ಈ ಶತಮಾನದಲ್ಲಿ ಸಸ್ಯಗಳ ಅನುವಂಶೀಯ ದ್ರವ್ಯವನ್ನೇ ಓದಿನೋಡಿದ ವಿಜ್ಞಾನಿಗಳು, ಬೇರೆ ಮನೆ ಮಾಡಿದ ಈ ವಾರ್ಷಿಕಗಳು ಡೆಲ್ಫಿನಿಯಮ್ ವಂಶವೃಕ್ಷದ ನಡುವಿನಿಂದಲೇ ಕವಲೊಡೆದವು ಎಂದು ತೋರಿಸಿ, ಅವನ್ನು ಮರಳಿ ಹಳೆಯ ಮನೆಗೇ ಸೇರಿಸಿದ್ದಾರೆ. ಪಾಲಾದ ಅಣ್ಣತಮ್ಮಂದಿರು ಎರಡು ಶತಮಾನಗಳ ಮೇಲೆ ಒಂದೇ ಚಾವಡಿಗೆ ಬಂದಂತೆ ಇದು.

ಇನ್ನು ಇವುಗಳ ಮೊದಲನೆಯ ಮನೆ, ಅಂದರೆ ಕಾಡು. ಲಾರ್ಕ್‌ಸ್ಪರ್ ಮುಖ್ಯವಾಗಿ ಭೂಮಿಯ ಉತ್ತರಾರ್ಧದ ತಂಪು ನಾಡುಗಳ ಗಿಡ. ಪ್ರಭೇದಗಳ ಬಲುದೊಡ್ಡ ಪಾಲು ಚೀನಾದ ಪರ್ವತಗಳಲ್ಲಿದೆ. ನಮ್ಮ ಹಿಮಾಲಯದಲ್ಲಿಯೂ ಹಲವಾರಿವೆ. ನಾಲ್ಕು ಸಾವಿರ ಮೀಟರಿಗೂ ಎತ್ತರದ ಕಲ್ಲುರಾಶಿಗಳ ನಡುವೆ ಕಸ್ತೂರಿಯ ವಾಸನೆ ಬೀರುತ್ತ ಬೆಳೆಯುವ ಡೆಲ್ಫಿನಿಯಮ್ ಬ್ರುನೋನಿಯಾನಮ್ ಒಂದು. ಜದವಾರ್ ಎಂಬ ಹೆಸರಿನಿಂದ ಯುನಾನಿ ವೈದ್ಯರು ಬೇರನ್ನು ಬಳಸುವ ಡೆಲ್ಫಿನಿಯಮ್ ಡೆನುಡೇಟಮ್ ಮತ್ತೊಂದು. ಅಫಘಾನಿಸ್ತಾನದ ಒಣನೆಲದಲ್ಲಿ ಹಳದಿ ಹೂವಿನ ಪ್ರಭೇದವೊಂದಿದೆ. ೧೮೮೪–೮೫ರಲ್ಲಿ ಗಡಿ ಗುರುತಿಸುವ ಆಯೋಗದೊಡನೆ ಅಲ್ಲಿ ಸಂಚರಿಸಿದ ಏಚಿಸನ್ ಎಂಬ ವೈದ್ಯ-ಸಸ್ಯಜ್ಞ ಇದನ್ನು ಕಂಡು ವರ್ಣಿಸಿದ. ಇದರ ಒಣಹೂವನ್ನು ರೇಷ್ಮೆಗೆ ಹಳದಿ ಬಣ್ಣ ಕಟ್ಟಲು ಪಂಜಾಬಿನವರೆಗೂ ಹೇರುತ್ತಿದ್ದರು. ಮೆಡಿಟರೇನಿಯನ್ ತೀರದ ಇನ್ನೊಂದು ನಂಟನ ಬೀಜವನ್ನು ಗ್ರೀಕರೂ ರೋಮನರೂ ಹೇನು ಕೊಲ್ಲುವುದಕ್ಕೆ ಬಳಸಿದರು. ಏಕೆಂದರೆ ಈ ಕುಲವೇ ವಿಷಯುಕ್ತವಾದುದು. ಅಮೆರಿಕದ ಪಶ್ಚಿಮ ಭಾಗದ ವಿಶಾಲ ಹುಲ್ಲುಗಾವಲುಗಳಲ್ಲಿ ದನಗಳ ಸಾವಿಗೆ ಕಾಡು ಲಾರ್ಕ್‌ಸ್ಪರ್ ಒಂದು ದೊಡ್ಡ ಕಾರಣ. ಕುರಿಗಳು ಈ ವಿಷವನ್ನು ದನಗಳಿಗಿಂತ ಬಹಳ ಹೆಚ್ಚಾಗಿ ತಾಳಿಕೊಳ್ಳುತ್ತವೆ. ಆದುದರಿಂದ ಅಲ್ಲಿ ಮೊದಲು ಕುರಿಗಳನ್ನು ಮೇಯಿಸಿ, ಹಿಂದಿನಿಂದ ದನಗಳನ್ನು ಬಿಡುವ ಉಪಾಯವೂ ಉಂಟು.

ಹಿಮಾಲಯದಿಂದ ಇಷ್ಟು ದೂರದ ದಕ್ಷಿಣದಲ್ಲಿ ನಮ್ಮ ಸಮೀಪಕ್ಕೇ ಬಂದು ನೆಲೆಸಿದ ಒಂದು ಪ್ರಭೇದವಿದೆ. ಅದು ಡೆಲ್ಫಿನಿಯಮ್ ಮಲಬಾರಿಕಮ್. ಮರಾಠಿಯಲ್ಲಿ ಇದನ್ನು ನೀಲಾಂಬರಿ ಎನ್ನುತ್ತಾರೆ. ಪುಣೆ, ಸಾತಾರಾ, ಕೊಲ್ಹಾಪುರದ ಕಡೆಯ ಸಹ್ಯಾದ್ರಿಯ ಹುಲ್ಲಿನ ಇಳಿಜಾರುಗಳು ಇದರ ತವರು. ಬೇಸಿಗೆಯಲ್ಲಿ ಇದು ನೆಲದ ಮೇಲೆ ಇಲ್ಲವೇ ಇಲ್ಲ. ಗಡ್ಡೆಯ ರೂಪದಲ್ಲಿ ಮಣ್ಣಿನೊಳಗೆ ಮಲಗಿರುತ್ತದೆ. ಮಳೆ ಬಿದ್ದೊಡನೆ ಎಚ್ಚತ್ತು, ಸೀಳೆಲೆಗಳನ್ನು ಹರಡಿ, ಮಳೆಗಾಲ ಹಿಂದೆ ಸರಿದು ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗುವ ಹೊತ್ತಿಗೆ ನೀಲಿ ತೆನೆಯನ್ನೆತ್ತಿ ನಿಲ್ಲುತ್ತದೆ.

ಈ ಗಿಡದ ಹೆಸರಿನ ಚರಿತ್ರೆ ಒಂದು ಪಾಠವೇ ಆಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೂಕರ್ ಮೊದಲಾದವರು ಭಾರತದ ಸಸ್ಯಸಂಪತ್ತನ್ನು ಪಟ್ಟಿಮಾಡುತ್ತಿದ್ದಾಗ ಇದನ್ನು ಇಥಿಯೋಪಿಯದ ಎತ್ತರದ ನಾಡಿನಲ್ಲಿ ಬೆಳೆಯುವ ಡೆಲ್ಫಿನಿಯಮ್ ಡಾಸಿಕಾಲನ್ ಎಂಬ ಪ್ರಭೇದವೆಂದೇ ಎಣಿಸಿದ್ದರು. ಆಗ ನಮ್ಮ ಬೆಳಗಾವಿ ಜಿಲ್ಲೆಯೂ ಮುಂಬಯಿ ಇಲಾಖೆಗೆ ಸೇರಿತ್ತು. ಆ ಇಲಾಖೆಯ ಸಸ್ಯಗಳನ್ನು ಕುರಿತು ಥಿಯೋಡರ್ ಕುಕ್ ಬರೆದ ಗ್ರಂಥದಲ್ಲಿಯೂ ಅದೇ ಆಫ್ರಿಕದ ಹೆಸರು ಮುಂದುವರಿಯಿತು. ೧೯೬೦ರ ದಶಕದಲ್ಲಿ ಅಮೆರಿಕದ ಫಿಲಿಪ್ ಮಂಜ್ ಆಫ್ರಿಕ ಮತ್ತು ಏಶಿಯದ ಲಾರ್ಕ್‌ಸ್ಪರ್‌ಗಳನ್ನು ಒಟ್ಟಾಗಿ ಪರಿಶೀಲಿಸಿದ ಮೇಲೆ ಸಹ್ಯಾದ್ರಿಯದು ಸ್ವತಂತ್ರ ಪ್ರಭೇದವೆಂಬುದು ಸ್ಥಿರಪಟ್ಟಿತು. ಇದು ಬರಿಯ ಹೆಸರಿನ ಬದಲಾವಣೆಯಲ್ಲ. ಇಥಿಯೋಪಿಯದಲ್ಲಿಯೂ ಇರುವ ಗಿಡ ಇಲ್ಲಿ ನಾಶವಾದರೆ ಅಲ್ಲಿ ಉಳಿದೀತು ಎನ್ನಬಹುದಿತ್ತು. ಸಹ್ಯಾದ್ರಿಯಲ್ಲಲ್ಲದೆ ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲದ ಗಿಡ ಇಲ್ಲಿ ಅಳಿದರೆ ಅದಕ್ಕೆ ಮತ್ತೆ ಹುಟ್ಟಿಲ್ಲ. ಹೆಸರು ಸರಿಯಾದ ದಿನ ಹೊಣೆಯೂ ನಮ್ಮ ಪಾಲಿಗೆ ಬಂದಿತು.

ಸಹ್ಯಾದ್ರಿಯ ಮಾತು ನಮಗೇಕೆ ಎಂದು ಬಯಲುಸೀಮೆಯವರು ಕೇಳಬಹುದು. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಪಕ್ಕದಲ್ಲಿ ಹರಿಯುವ ಹಿರಣ್ಯಕೇಶಿ ಆಂಬೋಲಿಯ ಬೆಟ್ಟದಲ್ಲಿ ಹುಟ್ಟಿದವಳು. ಘಟಪ್ರಭೆಯೂ ಸಹ್ಯಾದ್ರಿಯ ಮಗಳೇ. ಆಕೆ ಹಿಡಕಲ್ಲಿನ ಜಲಾಶಯದಲ್ಲಿ ತಂಗಿ, ಹಿರಣ್ಯಕೇಶಿಯನ್ನು ಕೂಡಿಕೊಂಡು, ಗೋಕಾಕದ ಮರಳುಗಲ್ಲಿನ ಅಂಚಿನಿಂದ ಸುಮಾರು ೫೨ ಮೀಟರು ಕೆಳಕ್ಕೆ ಧುಮುಕಿ ಮೂಡಣ ಬಯಲಿಗೆ ಸಾಗುತ್ತಾಳೆ. ಬೆಟ್ಟದ ಹುಲ್ಲು ಮಳೆಯ ನೀರನ್ನು ಹಿಡಿದು ಮೆಲ್ಲನೆ ಬಿಟ್ಟರೆ ಮೂಡಲಗಿಯ ಕಬ್ಬು ಹಸುರಾಗಿರುತ್ತದೆ. ಮಡ್ಡಿಯ ಹುಲ್ಲಿಗೂ ಎರೆಯ ಬೆಳೆಗೂ ಇರುವ ನಂಟು ನದಿಯಷ್ಟೇ ಹಳೆಯದು.

ಆದರೆ ಗೋಕಾಕ, ಮೂಡಲಗಿಯ ಎರೆಹೊಲಗಳಲ್ಲಿ ಲಾರ್ಕ್‌ಸ್ಪರ್ ತಾನಾಗಿ ಹುಟ್ಟುವ ಗಿಡವಲ್ಲ. ಇಲ್ಲಿ ಅದನ್ನು ಕಾಣಬೇಕಾದರೆ ಅದರ ಎರಡನೆಯ ಮನೆಗೆ, ಅಂದರೆ ಹೂದೋಟಕ್ಕೆ ಹೋಗಬೇಕು. ಅಲ್ಲಿರುವುದು ವಾರ್ಷಿಕ ಬಳಗದ ಡೆಲ್ಫಿನಿಯಮ್ ಅಜಾಸಿಸ್, ಮೆಡಿಟರೇನಿಯನ್ ಕಡೆಯಿಂದ ಬಂದದ್ದು. ಅಜಾಕ್ಸ್ ಎಂಬ ಗ್ರೀಕ್ ವೀರನ ನೆತ್ತರಿನಿಂದ ಹುಟ್ಟಿದ ಹೂವಿನ ಮೇಲೆ ಅವನ ಹೆಸರಿನ ಮೊದಲಕ್ಷರಗಳು ಮೂಡಿದವೆಂಬ ಪುರಾಣಕಥೆಯಿದೆ. ಈ ಹೂವಿನ ನಡುವಣ ಗೆರೆಗಳಲ್ಲಿ ಆ ಅಕ್ಷರಗಳನ್ನು ಓದಿದವರು ಇಟ್ಟ ಹೆಸರದು. ನಮ್ಮಲ್ಲಿ ಇದು ಅಪ್ಪಟ ಚಳಿಗಾಲದ ಅತಿಥಿ. ಧೂಪದಾಳದ ನೀರಿನ ಮೇಲೆ, ಘಟಪ್ರಭಾ ಪಕ್ಷಿಧಾಮದಲ್ಲಿ, ಉತ್ತರದ ದೇಶಗಳಿಂದ ಕ್ರೌಂಚಗಳು ಬಂದಿಳಿಯುವ ಕಾಲವೇ ಇದಕ್ಕೂ ಒಪ್ಪುವ ಕಾಲ.

ಬೆಳೆಸಬಯಸುವವರಿಗಾಗಿ ನಾಲ್ಕು ಮಾತು. ಇದರ ಬೀಜ ಬಿಸಿ ಮಣ್ಣಿನಲ್ಲಿ ಮೊಳೆಯುವುದಿಲ್ಲ. ಸೀಗೀಹುಣ್ಣಿಮೆ ಕಳೆದು, ಹಿಂಗಾರಿ ಜೋಳ ನೆಲದಿಂದ ಮೇಲೆದ್ದು, ಬೆಳಗಿನ ಗಾಳಿ ತಣ್ಣಗಾದ ಮೇಲೆ ಬಿತ್ತಬೇಕು. ತಾಯಿಬೇರು ನೇರವಾಗಿ ಇಳಿಯುವ ಗಿಡವಾದುದರಿಂದ ಕಿತ್ತು ನಾಟಿ ಮಾಡಿದರೆ ಸೊರಗುತ್ತದೆ. ಹೂವು ಬೇಕಾದ ಜಾಗದಲ್ಲಿಯೇ ಬೀಜ ಹಾಕಬೇಕು. ಬೆಳಕು ಕಂಡರೆ ಮೊಳೆಯಲು ಹಿಂಜರಿಯುವ ಬೀಜವಿದು. ಮೇಲೆ ತೆಳ್ಳಗೆ ಮಣ್ಣು ಮುಚ್ಚಬೇಕು. ಹಳೆಯ ಬೀಜಕ್ಕೆ ಕಸುವಿಲ್ಲ. ಆಯಾ ವರ್ಷದ ಬೀಜವೇ ಲೇಸು. ಎರೆಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಮಣ್ಣಿಗೆ ಮರಳು, ಗೊಬ್ಬರ ಬೆರೆಸಿ ಮಡಿಯನ್ನು ತುಸು ಎತ್ತರಿಸಬೇಕು. ಸಂಕ್ರಾಂತಿಯ ಅನಂತರ ಹೂವು ಆರಂಭವಾಗಿ ಶಿವರಾತ್ರಿಯ ಬಿಸಿಲು ಏರುವವರೆಗೆ ನಿಲ್ಲುತ್ತದೆ. ಮಕ್ಕಳೂ ದನಕರುಗಳೂ ಬಾಯಿಗೆ ಹಾಕದಂತೆ ನೋಡಿಕೊಳ್ಳುವುದು ಅವಶ್ಯ. ಬೀಜವಂತೂ ವಿಷವೇ.

ಸಸ್ಯಶಾಸ್ತ್ರವನ್ನು ಕಲಿಸುತ್ತ ಬಂದ ನನಗೆ ಈ ಹೂವನ್ನು ಕುರಿತು ಎದುರಾದ ಅತ್ಯಂತ ಕಠಿಣವಾದ ಪ್ರಶ್ನೆ ತರಗತಿಯಲ್ಲಿ ಬಂದುದಲ್ಲ. ಮೂಡಲಗಿಯ ಕಡೆಯ ಹಿರಿಯ ರೈತರೊಬ್ಬರು ಶಾಲೆಯ ಅಂಗಳದಲ್ಲಿ ಅರಳಿದ್ದ ನೀಲಿ ತೆನೆಗಳನ್ನು ಬಹಳ ಹೊತ್ತು ನೋಡಿ, "ಹೂವೇನೋ ಚಂದ ಐತ್ರಿ ಸರ. ಆದ್ರ ಇದನ್ನ ದನ ತಿನ್ನಂಗಿಲ್ಲ, ಸಂತ್ಯಾಗ ಮಾರಾಕ ಬರಂಗಿಲ್ಲ. ಕುಸುಬಿ ಹೂವಾದ್ರ ಎಣ್ಣಿ ಕೊಡ್ತೈತಿ. ಇದು ಏನ್ ಕೊಡ್ತೈತ್ರಿ?" ಎಂದು ಕೇಳಿದರು. "ಕಾಕಾ, ನಿಮ್ಮ ಹೊಲದ ಬದನಿಕಾಯಿ ಬಣ್ಣದ ಹೆಸರು ಈ ಹೂವಿನಿಂದ ಬಂದೈತ್ರಿ" ಎಂದೆ. ಅವರು ನಕ್ಕರು. ಆದರೆ ಅದು ನಗೆಯ ಮಾತಾಗಿರಲಿಲ್ಲ. ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟ್ಟರ್, ಸಸ್ಯವರ್ಣಗಳ ಸಂಶೋಧನೆಗಾಗಿ ೧೯೧೫ರಲ್ಲಿ ನೊಬೆಲ್ ಪಾರಿತೋಷಕ ಪಡೆದಾತ, ಹೂವುಗಳ ಬಣ್ಣದ್ರವ್ಯಗಳನ್ನು ಒಂದೊಂದಾಗಿ ಬೇರ್ಪಡಿಸಿದ. ಲಾರ್ಕ್‌ಸ್ಪರ್‌ನಲ್ಲಿ ಕಂಡುಕೊಂಡ ನೀಲಿಯ ಮೂಲದ್ರವ್ಯಕ್ಕೆ ಡೆಲ್ಫಿನಿಡಿನ್ ಎಂಬ ಹೆಸರು ನಿಂತಿತು. ನೇರಳೆ ಬದನೆಯ ಸಿಪ್ಪೆಯಲ್ಲಿ, ಕಪ್ಪು ದ್ರಾಕ್ಷಿಯಲ್ಲಿ, ಬೇಲಿಯ ಶಂಖಪುಷ್ಪದಲ್ಲಿ ಇರುವುದೂ ಅದೇ ದ್ರವ್ಯವೇ. ಒಂದು ಹೂವನ್ನು ಮನಸ್ಸಿಟ್ಟು ನೋಡಿದುದರಿಂದ ನೂರು ಹೂವುಗಳ ಗುಟ್ಟು ತಿಳಿಯಿತು. ಅದು ಒಂದು ಉತ್ತರ. ಆದರೆ ಆ ಹಿರಿಯರ ಪ್ರಶ್ನೆಗೆ ಅದಷ್ಟೇ ಸಾಲದು. ಪೂರ್ಣವಾದ ಉತ್ತರಕ್ಕೆ ಹೂದೋಟದ ಚರಿತ್ರೆಯನ್ನು ನೋಡಬೇಕು.

ಯುರೋಪಿನ ತೋಟಗಳ ಎತ್ತರದ ಬಹುವಾರ್ಷಿಕ ಡೆಲ್ಫಿನಿಯಮ್‌ಗಳ ಮುಖ್ಯ ಮೂಲ ಡೆಲ್ಫಿನಿಯಮ್ ಇಲೇಟಮ್ ಎಂಬ ಒಂದು ಕಾಡುಗಿಡ. ಫ್ರಾನ್ಸಿನ ವಿಕ್ತೋರ್ ಲೆಮ್ವಾನ್, ಇಂಗ್ಲೆಂಡಿನ ಜೇಮ್ಸ್ ಕೆಲ್ವೆ ಮೊದಲಾದ ಹತ್ತೊಂಬತ್ತನೆಯ ಶತಮಾನದ ತೋಟಗಾರರು ಅದರ ವಂಶವನ್ನು ತಿದ್ದಿ ಬೆಳೆಸಿದರು. ಇಪ್ಪತ್ತನೆಯ ಶತಮಾನದಲ್ಲಿ ಕ್ಯಾಲಿಫೋರ್ನಿಯದ ಫ್ರಾಂಕ್ ರೈನೆಲ್ಟ್ ಆಳೆತ್ತರದ ತೆನೆಗಳ 'ಪೆಸಿಫಿಕ್ ಜಯಂಟ್' ತಳಿಗಳನ್ನು ಹೊರತಂದ. ತಿಳಿನೀಲಿ, ಕಡುನೀಲಿ, ಊದಾ, ಬಿಳಿ, ನಸುಗೆಂಪು, ಒಂಟಿ ಹೂವು, ಸುತ್ತು ಹೂವು. ಬೀಜದಂಗಡಿಯ ಚಿತ್ರಪುಸ್ತಕವನ್ನು ತೆರೆದರೆ ವೈವಿಧ್ಯವೆಲ್ಲ ತೋಟದಲ್ಲಿಯೇ ಇದೆಯೆಂಬ ಭ್ರಮೆ ಹುಟ್ಟುವುದು ಸಹಜ. ಆದರೆ ಈ ಸಂಭ್ರಮವೆಲ್ಲ ಕೆಲವೇ ಕಾಡುಪ್ರಭೇದಗಳ ಮಕ್ಕಳು ಮೊಮ್ಮಕ್ಕಳದು. ಗೋಕಾಕದ ಕುಶಲಕರ್ಮಿ ಒಂದೇ ಜಾತಿಯ ಕಟ್ಟಿಗೆಯಲ್ಲಿ ಮಾವು, ಬಾಳೆ, ಸೀತಾಫಲಗಳನ್ನು ಕಡೆದು ಬಣ್ಣ ಬಳಿದು ನಿಲ್ಲಿಸುತ್ತಾನಲ್ಲವೇ? ಬಣ್ಣ ಹಲವಾದರೂ ಕಟ್ಟಿಗೆ ಒಂದೇ.

ತೋಟಗಾರನಿಗೆ ಎಷ್ಟು ಹೆಣಗಿದರೂ ದಕ್ಕದ ಬಣ್ಣ ಒಂದಿತ್ತು, ಅದು ಕೆಂಪು. ಇಲೇಟಮ್ ವಂಶದಲ್ಲಿ ಅದರ ಮೂಲವೇ ಇರಲಿಲ್ಲ. ಕ್ಯಾಲಿಫೋರ್ನಿಯದ ಒಣಗುಡ್ಡಗಳಲ್ಲಿ, ಝೇಂಕಾರದ ಹಕ್ಕಿಗಳಿಗಾಗಿ ಕೆಂಪಾಗಿ ಅರಳುವ ಕಾರ್ಡಿನೇಲ್, ನ್ಯೂಡಿಕಾಲೆ ಎಂಬ ಎರಡು ಕಾಡು ಲಾರ್ಕ್‌ಸ್ಪರ್‌ಗಳು ಮಾತ್ರ ಅದನ್ನು ಇಟ್ಟುಕೊಂಡಿದ್ದವು. ಹಾಲೆಂಡಿನ ವಾಗೆನಿಂಗೆನ್‌ನಲ್ಲಿ ರಾಬರ್ಟ್ ಲೆಗ್ರೊ ೧೯೫೦ರ ದಶಕದಲ್ಲಿ ಇವುಗಳನ್ನು ತೋಟದ ತಳಿಯೊಡನೆ ಕೂಡಿಸಲು ಕೈಹಾಕಿದ. ತೋಟದ ಗಿಡದ ವರ್ಣತಂತುಗಳು ೩೨, ಕಾಡಿನ ಕೆಂಪು ಗಿಡದವು ೧೬. ಎಣಿಕೆ ಕೂಡದೆ ಸಂತಾನ ನಿಲ್ಲುತ್ತಿರಲಿಲ್ಲ. ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ವರ್ಣತಂತುಗಳನ್ನು ಇಮ್ಮಡಿಗೊಳಿಸಿ, ವರ್ಷಗಟ್ಟಲೆ ದುಡಿದು, ಕೊನೆಗೆ ಕೆಂಪು-ಕೇಸರಿ ಬಣ್ಣದ ಎತ್ತರದ ತಳಿಗಳನ್ನು ಅವನು ಪಡೆದ. ಇಲ್ಲಿ ಗಮನಿಸತಕ್ಕ ಮಾತೆಂದರೆ, ಅವನ ವಿದ್ಯೆಯೆಲ್ಲ ಕೂಡಿಯೂ ಕೆಂಪನ್ನು ಹೊಸದಾಗಿ ಸೃಷ್ಟಿಸಲಿಲ್ಲ. ಒಣಗುಡ್ಡದಿಂದ ಬೇಡಿ ತಂದಿತು. ಅದಕ್ಕೆ ಮುಂಚೆಯೇ ಯಾರಾದರೂ ಆ ಗುಡ್ಡಗಳನ್ನು ಬರಡೆಂದು ಅಗೆದು ಹಾಕಿದ್ದರೆ ಬೇಡುವುದಕ್ಕೆ ಮನೆಯೇ ಉಳಿಯುತ್ತಿರಲಿಲ್ಲ. ಕಾಡು ಅಸಲು, ತೋಟ ಬಡ್ಡಿ. ಅಸಲನ್ನು ಕರಗಿಸಿ ಬಡ್ಡಿ ತಿನ್ನಹೋದವನ ಮನೆ ಏನಾಗುವುದೆಂದು ಒಕ್ಕಲಿಗನಿಗೆ ನಾನು ಹೇಳಬೇಕಾಗಿಲ್ಲ.

ಕಾಡಿನ ಆಯ್ಕೆಗೂ ತೋಟದ ಆಯ್ಕೆಗೂ ಇರುವ ಅಂತರವನ್ನು ತೋರಿಸುವ ಪ್ರಯೋಗವೊಂದಿದೆ. ಅಮೆರಿಕದ ರಾಕಿ ಪರ್ವತಗಳಲ್ಲಿ ಬೆಳೆಯುವ ನೀಲಿಯ ಲಾರ್ಕ್‌ಸ್ಪರ್ ಒಂದರಲ್ಲಿ ಬಹು ಅಪರೂಪಕ್ಕೆ ಬಿಳಿ ಹೂವಿನ ಗಿಡ ಹುಟ್ಟುತ್ತದೆ. ಅದೇಕೆ ಹೆಚ್ಚುವುದಿಲ್ಲವೆಂದು ನಿಕೋಲಸ್ ವೇಸರ್, ಮೇರಿ ಪ್ರೈಸ್ ಎಂಬ ವಿಜ್ಞಾನಿಗಳು ಶೋಧಿಸಿದರು. ನೀಲಿ ಹೂವಿನಲ್ಲಿ ನಡುವಣ ಬಿಳಿಯ ಗುರುತು ಮಕರಂದದ ದಾರಿಯನ್ನು ಎತ್ತಿ ತೋರಿಸುತ್ತದೆ. ಬಿಳಿ ಹೂವಿನಲ್ಲಿ ಆ ಗುರುತು ಹಿನ್ನೆಲೆಯಲ್ಲಿ ಕರಗಿ ದುಂಬಿ ಬಾಗಿಲು ಹುಡುಕುತ್ತ ಹೊತ್ತು ಕಳೆಯಬೇಕಾಗುತ್ತದೆ. ಅದು ಬೇಸತ್ತು ನೀಲಿಯ ಕಡೆಗೆ ಹೋಗುತ್ತದೆ. ಬಿಳಿಯದಕ್ಕೆ ಬೀಜ ಕಡಿಮೆಯಾಗುತ್ತದೆ. ಅದೇ ಬಿಳಿ ಗಿಡ ತೋಟದಲ್ಲಿ ಹುಟ್ಟಿದರೆ ಯಜಮಾನ ಅದನ್ನು ಪ್ರತ್ಯೇಕಿಸಿ, ಬೀಜ ಕೂಡಿಟ್ಟು, ಹೆಸರಿಟ್ಟು ಮಾರುತ್ತಾನೆ. ತೋಟದ ಹೂವು ಮನುಷ್ಯನ ಕಣ್ಣಿಗಾಗಿ ಬದುಕುತ್ತದೆ. ಅವನು ಕಣ್ಣು ತೆಗೆದ ದಿನ ಅದರ ಬಾಳು ಮುಗಿಯಿತು. ಕಾಡಿನ ಹೂವು ತನ್ನ ಬದುಕಿನ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ. ಆದುದರಿಂದಲೇ ತೋಟದಲ್ಲಿ ಸಂಗ್ರಹಿಸಿಟ್ಟೆವೆಂದು ಕಾಡಿನದನ್ನು ಕೈಬಿಡಲಾಗದು.

ಯುರೋಪಿನ ಗೋದಿಹೊಲಗಳಲ್ಲಿ ಕಳೆಯಾಗಿ ಬೆಳೆಯುತ್ತಿದ್ದ ನೀಲಿ ಲಾರ್ಕ್‌ಸ್ಪರ್ ಒಂದಿತ್ತು. ರೈತರು ಅದನ್ನು ಶತಮಾನಗಳ ಕಾಲ ಬೈಯುತ್ತಲೇ ಸಾಕಿದರು. ಬೀಜವನ್ನು ಯಂತ್ರದಲ್ಲಿ ಶೋಧಿಸುವ ಪದ್ಧತಿಯೂ ಕಳೆನಾಶಕಗಳೂ ಬಂದ ಮೇಲೆ ಮಧ್ಯ ಯುರೋಪಿನ ಹಲವೆಡೆ ಅದು ಅಪರೂಪವಾಯಿತು. ನಮ್ಮ ಸಹ್ಯಾದ್ರಿಯ ನೀಲಾಂಬರಿಗೆ ಬಂದಿರುವ ಕುತ್ತು ಬೇರೆಯ ಬಗೆಯದು. ಮರವಿಲ್ಲದ ಹುಲ್ಲುನೆಲವನ್ನು ಪಾಳು ಎನ್ನುವ ರೂಢಿ ನಮ್ಮದು. ಪಾಳು ಎಂದ ಮೇಲೆ ಅಲ್ಲಿ ಏನು ಮಾಡಿದರೂ ಉದ್ಧಾರವೇ ಎಂಬ ಭಾವನೆ. ಹುಲ್ಲಿಗೆ ಹೊತ್ತಲ್ಲದ ಹೊತ್ತಿನಲ್ಲಿ ಬೆಂಕಿಯಿಡುತ್ತೇವೆ, ಪರದೇಶದ ಮರಗಳನ್ನು ಸಾಲಾಗಿ ನೆಟ್ಟು ಹಸುರೀಕರಣವೆನ್ನುತ್ತೇವೆ. ಕೊಲ್ಹಾಪುರದ ಕಡೆಯ ಬೆಟ್ಟದ ತಲೆಗಳನ್ನು ಬಾಕ್ಸೈಟಿಗಾಗಿ ಅಗೆದದ್ದುಂಟು. ಬಿಸಿಲು ಬೇಕೆನ್ನುವ ಗಡ್ಡೆಗಿಡ ಮರದ ನೆರಳಿನಲ್ಲಿ ಬಾಳಲಾರದು. ಸಾತಾರಾದ ಕಾಸ್ ಪ್ರಸ್ಥಭೂಮಿ ೨೦೧೨ರಲ್ಲಿ ಪಶ್ಚಿಮಘಟ್ಟಗಳ ಇತರ ತಾಣಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಬರಿಯ ಕಲ್ಲು ಹುಲ್ಲು ಎಂದು ಕರೆಯುತ್ತಿದ್ದ ಜಾಗವನ್ನು ನೋಡಲು ಜನ ಸಾಲುಗಟ್ಟಿದರು. ಈಗ ಅವರ ಕಾಲ್ತುಳಿತವನ್ನೇ ತಡೆಯಬೇಕಾಗಿ ಬಂದಿದೆ. ತಾತ್ಸಾರವೂ ಅಪಾಯ, ವಿವೇಕವಿಲ್ಲದ ಪ್ರೀತಿಯೂ ಅಪಾಯ.

ಈ ಮಾತು ಗೋಕಾಕದ ಗುಡ್ಡಕ್ಕೂ ಸಲ್ಲುತ್ತದೆ. ಜಲಪಾತವನ್ನು ನೋಡಿ, ತೂಗುಸೇತುವೆಯನ್ನು ದಾಟಿ, ಕರದಂಟು ಕಟ್ಟಿಸಿಕೊಂಡು ಮರಳುವ ಪ್ರವಾಸಿಗೆ ಸುತ್ತಲಿನ ಮರಳುಗಲ್ಲಿನ ಮಡ್ಡಿ ಕೇವಲ ಬಂಡೆಯಾಗಿ ಕಾಣುತ್ತದೆ. ಆದರೆ ೨೦೧೦ರ ಅನಂತರದ ದಶಕದಲ್ಲಿ ಸಸ್ಯವಿಜ್ಞಾನಿಗಳು ಈ ಸೀಮೆಯಿಂದ ಕಳ್ಳಿಯ ವಂಶದ ಕಿರುಗಿಡವೊಂದನ್ನು ವಿಜ್ಞಾನಕ್ಕೆ ಹೊಸತೆಂದು ವರ್ಣಿಸಿ, ಯೂಫೋರ್ಬಿಯಾ ಗೋಕಾಕೆನ್ಸಿಸ್ ಎಂದು ಊರಿನ ಹೆಸರನ್ನೇ ಅದಕ್ಕಿಟ್ಟರು. ಸಾವಿರಾರು ಜನ ಪ್ರತಿದಿನ ಓಡಾಡುವ ಊರಿನ ಮಗ್ಗುಲಲ್ಲಿ 'ಹೆಸರಿಲ್ಲದ' ಗಿಡ ಅಷ್ಟು ಕಾಲ ಇತ್ತು! ಹೀಗಿರುವಾಗ ಹುಕ್ಕೇರಿಯ ವಲ್ಲಭಗಡದ ಇಳಿಜಾರನ್ನಾಗಲಿ, ಮೂಡಲಗಿಯ ಗಾಯರಾಣವನ್ನಾಗಲಿ ಬರಡೆಂದು ತೀರ್ಪು ಕೊಡುವ ಧೈರ್ಯ ನನಗಂತೂ ಇಲ್ಲ.

ನಾವು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಬೆಟ್ಟದಲ್ಲಿ ಚೆಲುವಾದ ಹೂವನ್ನು ಕಂಡರೆ ಗಡ್ಡೆ ಕಿತ್ತು ಮನೆಗೆ ತರುವ ಆಸೆಯನ್ನು ಬಿಡೋಣ. ಮಲೆಯ ಗಡ್ಡೆ ಬಯಲಿನ ಕುಂಡದಲ್ಲಿ ಬಾಳುವುದು ಕಷ್ಟ. ತೋಟಕ್ಕೆ ನೀಲಿ ಬೇಕಾದರೆ ಬೀಜದಂಗಡಿಯ ವಾರ್ಷಿಕ ಲಾರ್ಕ್‌ಸ್ಪರ್ ಇದ್ದೇ ಇದೆ. ನಮ್ಮ ನೆರೆಯ ಅರಭಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿನ ತೋಟಗಾರಿಕಾ ಮಹಾವಿದ್ಯಾಲಯವಿದೆ. ಪುಷ್ಪಕೃಷಿಯನ್ನು ಕಲಿಯುವ ತರುಣ ತರುಣಿಯರು ಪೇಟೆಯ ಹೂವುಗಳೊಡನೆ ತಮ್ಮೂರ ಮಡ್ಡಿಯ ಹೂವುಗಳನ್ನೂ ಗಮನಿಸುವಂತಾಗಲಿ. ಶಾಲೆಯ ಮಕ್ಕಳು ಮಳೆಗಾಲದ ಕೊನೆಯಲ್ಲಿ ಒಂದು ದಿನ ಗುಡ್ಡ ಹತ್ತಿ, ಕಂಡ ಹೂವುಗಳ ಊರಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಲಿ. ಹೆಸರು ಮರೆತ ಗಿಡಕ್ಕೆ ದಿಕ್ಕಿಲ್ಲ. ಕುರಿಗಾರರಿಗೂ ದನಗಾಹಿಗಳಿಗೂ ಗೊತ್ತಿರುವ ಎಷ್ಟೋ ಗಿಡಗಳ ಹೆಸರು ಅವರೊಡನೆಯೇ ಮುಗಿದುಹೋಗುತ್ತಿವೆ.

ಮೂಡಲಗಿಯ ಹಿರಿಯರು ಕೇಳಿದ ಪ್ರಶ್ನೆಗೆ ನನಗೆ ಹೊಳೆದ ಪೂರ್ಣ ಉತ್ತರ ಇಷ್ಟೇ. ಕುಸುಬಿ ಇಂದಿನ ಎಣ್ಣೆಯನ್ನು ಕೊಡುತ್ತದೆ. ಕಾಡಿನ ಹೂವು ನಾಳೆ ನಾವು ಏನನ್ನು ಕೇಳಬಹುದೋ ಅದನ್ನು ಕಾದಿಟ್ಟಿರುತ್ತದೆ. ನಾವು ಏನನ್ನು ಕೇಳುತ್ತೇವೆಂದು ಇಂದು ನಮಗೇ ತಿಳಿಯದು. ಹಾಲೆಂಡಿನ ತೋಟಗಾರ ಒಂದು ದಿನ ಕೆಂಪನ್ನು ಕೇಳುತ್ತಾನೆಂದು ಕ್ಯಾಲಿಫೋರ್ನಿಯದ ಒಣಗುಡ್ಡಕ್ಕೇನು ಗೊತ್ತಿತ್ತು? ಬಿತ್ತನೆಯ ಜೋಳವನ್ನು ಹಗೆಯಲ್ಲಿ ಉಳಿಸಿ ಹಸಿವನ್ನು ತಾಳಿಕೊಂಡ ಹಿರಿಯರ ವಂಶದವರು ನಾವು. ಹುಲ್ಲುಮಡ್ಡಿಯೂ ಅಂಥದೇ ಒಂದು ಹಗೆ. ಅದರ ಬಾಯಿ ಮುಚ್ಚದಂತೆ, ಒಳಗಣ ಬೀಜ ಕೆಡದಂತೆ ನೋಡಿಕೊಳ್ಳುವುದು ಒಕ್ಕಲುತನದ ಧರ್ಮವೇ ಆಗಿದೆ.